ಮೂಲೆಮನೆಯ ಸ್ವಿಚ್ಚು

ಅಳತೆಯ ಟೇಪಿನ ಸೊನ್ನೆ ತುದಿಯನ್ನು ಆ ದಿನ ಹಿಡಿದುಕೊಂಡವರು ಮೂಲೆಮನೆಯ ಮುದುಕಿ ನಾನಿಮಾ. ನನ್ನ ಜೊತೆ ಬರಬೇಕಿದ್ದ ಕಚೇರಿಯ ಸಿಪಾಯಿ ತಂಗಿಯ ಮದುವೆಗೆಂದು ರಜೆ ಹಾಕಿದ್ದ. ಬಾಗಿಲ ಚೌಕಟ್ಟಿಗೆ ಟೇಪಿನ ಕೊಕ್ಕೆ ಸಿಗಿಸಿ ನಾನು ಎದುರಿನ ಗೋಡೆ ಮುಟ್ಟುವಷ್ಟರಲ್ಲಿ ಅದು ಕಳಚಿ ಬೀಳುತ್ತಿತ್ತು. ಮೂರು ಸಲ ಹಾಗಾದದ್ದನ್ನು ನೋಡಿ ಅವರು ಮಗ್ಗ ಬಿಟ್ಟು ಎದ್ದು ಬಂದರು.

"ಒಬ್ಬಾಕಿನ ಹೆಂಗ ಅಳೀತಿ ಯವ್ವಾ? ಕೊಡಿಲ್ಲೆ."

ಜಮಖಾನೆ ನೇಯ್ದ ಕೈ. ಬೆರಳ ತುದಿಗಳು ಗಟ್ಟಿಯಾಗಿ ಹೊಳೆಯುತ್ತಿದ್ದವು. ಟೇಪನ್ನು ಗೋಡೆಗೆ ಒತ್ತಿ ಹಿಡಿದು, ನಾನು ಓದುವ ಮೊದಲೇ ಕೋಣೆಯನ್ನೊಮ್ಮೆ ನೋಡಿ, "ಹದಿನೆಂಟ ಫೂಟು, ಮ್ಯಾಲೆ ಎರಡ ಬೆರಳು" ಎಂದರು. ಟೇಪು ಹದಿನೆಂಟು ಅಡಿ ಒಂದೂವರೆ ಇಂಚು ತೋರಿಸಿತು.

"ಮತ್ತ ಇದನ್ಯಾಕ ಹೊತಗೊಂಡ ತಿರಗ್ತಿ?" ಎಂದು ಟೇಪಿನ ಕಡೆ ಗದ್ದ ಎತ್ತಿ ನಕ್ಕರು.

ನಾನು ನವಲಗುಂದದ ಕಡೆಯ ಒಂದು ಸಣ್ಣ ಪಟ್ಟಣದ ಪುರಸಭೆಯಲ್ಲಿ ಕರ ವಸೂಲಿಗಾರ್ತಿ. ಆ ಬೇಸಿಗೆಯಲ್ಲಿ ನನಗೆ ಒಂದು ಬಡಾವಣೆಯನ್ನು ಪೂರ್ತಿ ಒಪ್ಪಿಸಿದ್ದರು. ಹುಬ್ಬಳ್ಳಿ ರಸ್ತೆಯ ಬಾಜು ಎರೆಹೊಲವನ್ನು ಪ್ಲಾಟು ಮಾಡಿ ಎಬ್ಬಿಸಿದ ಬಡಾವಣೆ ಅದು. ಪ್ಲಾಟು ಹಾಕಿದವರು ಆರು ದೀಪದ ಕಂಬ ನೆಟ್ಟು, ಒಂದು ಉದ್ಯಾನಕ್ಕೆ ತಂತಿಬೇಲಿ ಕಟ್ಟಿ, ಎಲ್ಲ ಮಾರಾಟವಾದ ಮೇಲೆ ಹೊರಟುಹೋಗಿದ್ದರು. ಎರೆಮಣ್ಣು ಬೇಸಿಗೆಯಲ್ಲಿ ಬಿರಿದು, ಮಳೆಗಾಲದಲ್ಲಿ ಉಬ್ಬಿ, ಆರರಲ್ಲಿ ನಾಲ್ಕು ಕಂಬಗಳನ್ನು ವಾಲಿಸಿತ್ತು. ಉದ್ಯಾನದಲ್ಲಿ ಎರಡು ಬೇವು, ನಾಲ್ಕು ಹೊಂಗೆ, ಒಂದು ಮುರುಕು ಬೆಂಚು ಉಳಿದಿದ್ದವು. ಬೀದಿದೀಪದ ಮೀಟರಿನ ಬಿಲ್ಲು ಕಟ್ಟುವವರು ಯಾರೆಂದು ತೀರ್ಮಾನವಾಗದೆ ವಿದ್ಯುತ್ ಕಚೇರಿಯವರು ಸಂಪರ್ಕ ಕಡಿದಿದ್ದರು.

ಇದಕ್ಕೆ ನಮ್ಮ ಮುಖ್ಯಾಧಿಕಾರಿಗಳು ಒಂದು ದಾರಿ ಹುಡುಕಿದರು. ಬಡಾವಣೆಯ ಪ್ರತಿಯೊಂದು ಆಸ್ತಿಯನ್ನು ಅಳೆದು, ಆ ಅಳತೆಗೆ ತಕ್ಕಂತೆ ದೀಪ ಮತ್ತು ಉದ್ಯಾನದ ನಿರ್ವಹಣೆಗೆಂದು ವರ್ಷಕ್ಕೊಮ್ಮೆ ಆಸ್ತಿ ತೆರಿಗೆಯ ಜೊತೆಗೇ ಒಂದು ಶುಲ್ಕ ಹಾಕುವುದು. ದೊಡ್ಡ ಮನೆಗೆ ಹೆಚ್ಚು, ಸಣ್ಣ ಮನೆಗೆ ಕಡಿಮೆ, ಖಾಲಿ ನಿವೇಶನಕ್ಕೂ ಒಂದಿಷ್ಟು. ಆ ಹಣ ಬೇರೆ ಎಲ್ಲೂ ಹೋಗಬಾರದು. ಆರು ಕಂಬ, ಒಂದು ಉದ್ಯಾನ, ಅಷ್ಟಕ್ಕೇ. ಅರ್ಧಕ್ಕಿಂತ ಹೆಚ್ಚು ಮಾಲೀಕರು ಒಪ್ಪಿ ಸಹಿ ಮಾಡಿದರೆ ಮಾತ್ರ ಮುಂದಿನ ಮಾತು. ಅಳೆಯುವುದು, ಒಪ್ಪಿಸುವುದು ಎರಡೂ ನನ್ನ ಪಾಲಿಗೆ ಬಂದವು.

ನಾನಿಮಾ ಎಂದು ಬಡಾವಣೆಯವರೆಲ್ಲ ಕರೆಯುವ ಈ ಮುದುಕಿಯ ಮನೆ ಎರಡನೇ ಕಂಬದ ಮಗ್ಗುಲಿನ ಮೂಲೆಮನೆ. ಮಗ ಗೂಡ್ಸ್ ಟೆಂಪೋ ಓಡಿಸುತ್ತಾನೆ, ಸೊಸೆ ಹುಬ್ಬಳ್ಳಿ ದಾರಿಯ ಒಂದು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆಗೆ ಹೋಗುತ್ತಾಳೆ. ಒಳಗಿನ ಕೋಣೆ ಅಳೆಯುವಾಗ ಸ್ವಿಚ್ಚುಗಳ ಹಲಗೆಯಲ್ಲಿ ಒಂದು ಸ್ವಿಚ್ಚು ಬೇರೆಯಾಗಿ ಕಂಡಿತು. ಅದರಿಂದ ಹೊರಟ ಕಪ್ಪು ವಾಯರು ಕಿಟಕಿಯ ಮೇಲಿನ ಸಂದಿಯಿಂದ ಹೊರಬಿದ್ದು, ಮಲ್ಲಿಗೆ ಬಳ್ಳಿಯೊಳಗೆ ಮರೆಯಾಗಿ, ಕಂಬದ ಮೇಲೆ ದೀಪಗಳಿಗೆಲ್ಲ ಹೋಗುವ ತಂತಿಯನ್ನು ಸೇರುತ್ತಿತ್ತು.

"ಇದೇನು ನಾನಿಮಾ?"

"ಅದು ಓಣಿ ದೀಪದ್ದು." ಮುಚ್ಚಿಡುವ ದನಿಯೇ ಅಲ್ಲ. "ಸೊಸಿ ಬಸ್ ಇಳದು ಕತ್ತಲದಾಗ ನಡಕೊಂತ ಬರತಾಳ. ನಮ್ಮ ಮಗನ ಹಾಕಿ ಕೊಟ್ಟಾನ. ಆಕಿ ಒಬ್ಬಾಕಿ ಸಲುವಾಗಿ ಹಚ್ಚಿದ್ನಿ. ಎಲ್ಲಾರ ಮ್ಯಾಲೂ ಬಿತ್ತು. ಬೀಳಲಿ ಬಿಡು."

ಆರೂ ದೀಪ ಈ ಒಂದು ಸ್ವಿಚ್ಚಿನಿಂದ ಉರಿಯುತ್ತಿದ್ದವು. ಸಂಜೆ ಮೊಬ್ಬಾದಾಗ ಹಚ್ಚುವುದು, ಬೆಳಿಗ್ಗೆ ನಮಾಜಿಗೆ ಎದ್ದಾಗ ಆರಿಸುವುದು. ತಿಂಗಳುಗಳಿಂದ ಹೀಗೇ ನಡೆದಿತ್ತು.

ನನ್ನ ಅಳತೆ ನಮೂನೆಯ ಕೊನೆಯಲ್ಲಿ ಷರಾ ಎಂಬ ಕಾಲಂ ಇದೆ. ಅಳತೆಯ ಹೊರತಾಗಿ ಕಣ್ಣಿಗೆ ಬಿದ್ದದ್ದನ್ನು ಅಲ್ಲಿ ಬರೆಯಬೇಕು. ಪೆನ್ನನ್ನು ಅದರ ಮೇಲೆ ಇಟ್ಟೆ. ಸಾರ್ವಜನಿಕ ಕಂಬಕ್ಕೆ ಮನೆಯ ವಾಯರು ಸೇರಿಸಿದ್ದು ಅಪರಾಧ. ಬರೆದರೆ ವಿದ್ಯುತ್ ಕಚೇರಿಯವರು ಬರುತ್ತಾರೆ, ದಂಡ ಹಾಕುತ್ತಾರೆ. ನಾನಿಮಾ ಬಸಿಯಲ್ಲಿ ಚಹಾ ಆರಿಸಿ ನನ್ನ ಮುಂದೆ ಹಿಡಿದರು. ಇನ್ನೇನು ಕೆಲವೇ ದಿನಗಳಲ್ಲಿ ಸರಿಯಾದ ಸಂಪರ್ಕ ಬರುತ್ತದೆ, ಆಗ ಈ ವಾಯರು ತಾನಾಗಿಯೇ ಕೆಳಗಿಳಿಯುತ್ತದೆ ಎಂದುಕೊಂಡೆ. ಷರಾ ಖಾಲಿ ಬಿಟ್ಟು ನಮೂನೆ ಮಡಚಿದೆ. ಒಳ್ಳೆಯ ಕೆಲಸ ಮಾಡಿದೆ ಎಂಬ ಸಮಾಧಾನ ಮನೆ ತಲುಪುವವರೆಗೂ ಇತ್ತು.

ಮರುವಾರ ಉದ್ಯಾನದ ಬೇವಿನ ನೆರಳಿನಲ್ಲಿ ಸಭೆ ಸೇರಿತು. ಕಚೇರಿಯಿಂದ ಹೋದವಳು ನಾನೊಬ್ಬಳೇ. ಎರಡು ಅಂತಸ್ತಿನ ಮನೆಯ ಕಿರಾಣಿ ಅಂಗಡಿಕಾರರು ಮೊದಲು ಎದ್ದರು.

"ಅಕ್ಕಾರ, ನಮ್ಮನಿ ಮುಂದ ಕಂಬನ ಇಲ್ಲ. ಎಲ್ಲಾರಿಗಿಂತ ಜಾಸ್ತಿ ನಾನ ಕೊಡಬೇಕಂತ. ಬೆಳಕ ಏನ ತಕ್ಕಡ್ಯಾಗ ತೂಗಿ ಕೊಡಾವ್ರೇನ್ರಿ?"

"ತಕ್ಕಡಿ ನಿನ್ನ ಹಂತೇಕ ಐತಲ್ಲೋ, ನೀನ ತೂಗಿ ಹೇಳು," ಎಂದು ಹಿಂದಿನಿಂದ ಯಾರೋ ಅಂದರು. "ನಿನ್ನ ತಕ್ಕಡ್ಯಾಗ ತೂಗಿದ್ರ ಅದೂ ಕಡಿಮಿ ಬರತೈತಿ."

ನಗು ಅಡಗಲು ಹೊತ್ತು ಹಿಡಿಯಿತು. ಬೆಳಕನ್ನು ಅಳೆಯುವುದಿಲ್ಲ, ಆಸ್ತಿಯನ್ನು ಅಳೆಯುತ್ತೇವೆ ಎಂದು ಬಿಡಿಸಿ ಹೇಳಿದೆ. ಕಂಬ ಮನೆಯ ಮುಂದಿಲ್ಲದಿದ್ದರೂ ಅವರ ಅಂಗಡಿಗೆ ಜನ ಬರುವುದು ಆ ಬೆಳಕಿನಲ್ಲೇ ಅಲ್ಲವೇ ಎಂದು ಕೇಳಿದೆ. ಆಗ ಒಬ್ಬ ನಿವೃತ್ತ ಮಾಸ್ತರರು, "ಈಗ ದೀಪ ಉರೀತಾವಲ್ಲಾ ಅಕ್ಕಾರ, ಮತ್ತ ರೊಕ್ಕ ಯಾಕ?" ಎಂದರು.

ಕೆಲವರು ಮೂಲೆಮನೆಯ ಕಡೆ ನೋಡಿ ಕಣ್ಣು ತಿರುಗಿಸಿದರು. ದೀಪ ಎಲ್ಲಿಂದ ಉರಿಯುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಕೇಳಿದರೆ ಉತ್ತರ ಹೊರಬೇಕಾಗುತ್ತದೆಂದು ಯಾರೂ ಕೇಳಿರಲಿಲ್ಲ. ಹೆಂಗಸರ ನಡುವೆ ಕುಳಿತಿದ್ದ ನಾನಿಮಾ ನೆಲದ ಹುಲ್ಲುಕಡ್ಡಿ ಕೀಳುತ್ತಿದ್ದರು. ಹೇಳುವುದಕ್ಕೆ ನನಗದು ಎರಡನೇ ಅವಕಾಶ. "ಅವು ಕಾಯಂ ಅಲ್ರಿ, ಸಹಿ ಮಾಡ್ರಿ," ಎಂದಷ್ಟೇ ಅಂದೆ. ಅಂಗಡಿಕಾರರನ್ನು ಬಿಟ್ಟು ಅಲ್ಲಿದ್ದವರೆಲ್ಲ ಸಹಿ ಮಾಡಿದರು. ಅರ್ಧ ದಾಟಿತು.

ವಿದ್ಯುತ್ ಕಚೇರಿಯವರು ಸಂಪರ್ಕ ಕೊಡುವ ಮೊದಲು ಆರೂ ಕಂಬಗಳ ದೀಪ ಮತ್ತು ತಂತಿಯ ಸ್ಥಿತಿಯ ವರದಿ ಕೇಳಿದರು. ನಮ್ಮ ಪುರಸಭೆಯ ವಾಯರ್‌ಮನ್ ಮತ್ತು ನಾನು ಒಂದು ಮಧ್ಯಾಹ್ನ ಹೊರಟೆವು. ಯಾವ ಮನೆ ಯಾವ ಕಂಬಕ್ಕೆ ಸೇರುತ್ತದೆಂದು ಪಟ್ಟಿಯಲ್ಲಿ ತೋರಿಸಬೇಕಿತ್ತು. ಅದಕ್ಕೆ ಕಂಬಗಳಿಗೆ ನಂಬರು ಹಾಕುವುದು ನನ್ನ ಕೆಲಸ. ಐವತ್ತು ದಾಟಿದ ವಾಯರ್‌ಮನ್‌ರನ್ನು ನಾನು ಕಾಕಾ ಎನ್ನುತ್ತೇನೆ. ಅವರು ಪಕ್ಕದ ಹಳ್ಳಿಯವರು. ಐದೂವರೆಯ ಬಸ್ಸಿಗೆ ಊರಿಗೆ ಹೋಗುವವರಾದ್ದರಿಂದ ಈ ದೀಪಗಳು ಉರಿಯುವುದನ್ನು ಅವರು ಯಾವತ್ತೂ ನೋಡಿರಲಿಲ್ಲ.

ಅವರ ಕೆಲಸಕ್ಕೆ ಒಂದು ಕ್ರಮವಿತ್ತು. ಸಂಪರ್ಕ ಕಡಿದದ್ದಾದರೂ ಮೊದಲು ಬೀದಿದೀಪದ ಮೀಟರಿನ ಪೆಟ್ಟಿಗೆ ತೆಗೆದು ಫ್ಯೂಸು ಕಿತ್ತರು. ಅದನ್ನು ಅಂಗಿಯ ಕಿಸೆಯಲ್ಲಿ ಹಾಕಿಕೊಂಡು ಮೇಲಿಂದ ಎರಡು ಸಲ ತಟ್ಟಿದರು.

"ಫ್ಯೂಸ್ ನನ್ನ ಕಿಸೇದಾಗ ಐತಿ ಅಕ್ಕಾರ. ಇನ್ನ ಯಾರ ಬಂದ್ರೂ ಕರೆಂಟ್ ಕೊಡಾಕ ಆಗೂದಿಲ್ಲ. ಮೂವತ್ತ ವರ್ಷ ಹಿಂಗ ಉಳದೇನಿ."

ಪ್ರತಿ ಕಂಬಕ್ಕೂ ಬಿದಿರಿನ ಏಣಿ ಒರಗಿಸಿ, ಸೊಂಟದ ಪಟ್ಟಿಯನ್ನು ಕಂಬಕ್ಕೆ ಸುತ್ತಿ, ಟೆಸ್ಟರು ಹಿಡಿದು ನೋಡಿ, ಆಮೇಲೆ ಕೈ ಹಾಕುತ್ತಿದ್ದರು. ಉದ್ಯಾನಕ್ಕೆ ನೀರು ಹಾಕುವ ಕೆಲಸಗಾರ ಏಣಿ ಹಿಡಿಯಲು ಬಂದಿದ್ದ. ಒಂದನೆಯ ಕಂಬ ನಾನಿಮಾನ ಮನೆಯ ಆಚೆ ಇತ್ತು, ಆರನೆಯದು ಓಣಿಯ ಈ ತುದಿ. ನಾವು ಈ ತುದಿಯಿಂದ ಆರಂಭಿಸಿದ್ದೆವು. ಎರಡನೆಯದಕ್ಕೆ ಬಂದಾಗ ಕಾಕಾ ಆ ವಾಯರನ್ನು ತಾವೇ ನೋಡುತ್ತಾರೆ, ಆಗ ಹೇಳಿದರಾಯಿತು ಎಂದು ನನ್ನ ಲೆಕ್ಕಾಚಾರ.

ಐದನೆಯ ಕಂಬದಲ್ಲಿ ಅವರು ಮೇಲಿದ್ದಾಗ ಅಡ್ಡಮಳೆಯ ಮೋಡ ಎದ್ದಿತು. ನಾಲ್ಕು ಗಂಟೆಗೇ ಸಂಜೆಯಂತಾಯಿತು. ಎರೆಹೊಲದ ಕಡೆಯಿಂದ ಧೂಳು ಬೀಸಿತು. ಮೊಬ್ಬಾದರೆ ನಾನಿಮಾ ದೀಪ ಹಚ್ಚುತ್ತಾರೆಂಬುದು ಆಗ ನೆನಪಾಯಿತು. "ಕಾಕಾ..." ಎಂದೆ.

"ಮಳಿ ಬರಾಕತ್ತೈತಿ, ಗೊತ್ತೈತ್ರಿ. ಇದೊಂದ ಬಿಗದ ಇಳಿತೇನಿ."

ಇನ್ನೆರಡು ಮಾತು ಸಾಕಿತ್ತು. ಅದನ್ನು ನಾನು ಈಗಲೂ ದಿನಕ್ಕೆ ಹತ್ತು ಸಲ ಹೇಳುತ್ತೇನೆ. ಬಸ್ಸಿನಲ್ಲಿ, ಅನ್ನಕ್ಕಿಡುವಾಗ, ತಲೆ ಬಾಚಿಕೊಳ್ಳುವಾಗ ಹೇಳುತ್ತೇನೆ. ಅಂದು ಹೇಳಲಿಲ್ಲ.

ದೀಪ ಹತ್ತಿತು. ಓಣಿಯ ಉದ್ದಕ್ಕೂ ಒಂದೇ ಸಲಕ್ಕೆ, ಆ ಬೂದುಬಣ್ಣದ ಧೂಳಿನಲ್ಲಿ ಬಿಳಿ ಬೆಳಕು. ಎಷ್ಟು ಚೆಂದ ಕಂಡಿತೆಂದರೆ ನಾನು ನಕ್ಕೆ. ಅರ್ಧ ಕ್ಷಣ ಇರಬಹುದು. ನಾನು ನಕ್ಕದ್ದು ನಿಜ. ಮೇಲಿನಿಂದ ಮಾತಲ್ಲದ ಒಂದು ಸದ್ದು ಬಂತು. ಕಾಕಾನ ಬಲಗೈ ತಂತಿಯನ್ನು ಹಿಡಿದುಕೊಂಡೇ ಇತ್ತು, ಮೊಣಕೈ ಕಂಬದ ಕಬ್ಬಿಣಕ್ಕೆ ಅಂಟಿತ್ತು, ತಲೆ ಹಿಂದಕ್ಕೆ ವಾಲಿತ್ತು.

ಕೆಲಸಗಾರ ಕಂಬದ ಕಡೆಗೆ ಕೈ ಚಾಚಿದ. "ಮುಟ್ಟಬ್ಯಾಡ! ಕಂಬ ಮುಟ್ಟಬ್ಯಾಡ!" ಎಂದು ಕಿರುಚಿ, ನಾನು ಕಂಬಕ್ಕೆ ಬೆನ್ನು ತಿರುಗಿಸಿ ಓಡಿದೆ. ನಾಲ್ಕು ಮನೆಗಳಾಚೆ ಆ ಸ್ವಿಚ್ಚಿತ್ತು. ಚಪ್ಪಲಿ ಎಲ್ಲಿ ಕಳಚಿತೋ ಗೊತ್ತಿಲ್ಲ. ಬಾಗಿಲಲ್ಲಿ ನಾನಿಮಾ ಸೆರಗು ತಲೆಗೆಳೆದುಕೊಂಡು ಹೊರಗೆ ಇಣುಕುತ್ತಿದ್ದರು. ಅವರನ್ನು ಬದಿಗೆ ತಳ್ಳಿ ಒಳಗೆ ನುಗ್ಗಿ ಸ್ವಿಚ್ಚು ಆರಿಸಿದೆ.

"ಪಾಪ, ಕತ್ತಲಾತು. ಅಂವಗ ಮ್ಯಾಲೆ ಕಾಣಸವಲ್ದು ಅಂತ ಹಚ್ಚಿದ್ನಿ ಯವ್ವಾ," ಎಂದರು ನಾನಿಮಾ, ನನ್ನ ಮುಖ ನೋಡುತ್ತ. ಆಮೇಲೆ ನನ್ನ ಮುಖದಲ್ಲಿ ಏನು ಕಂಡಿತೋ, ತಮ್ಮ ಕೈಯನ್ನು ತಾವೇ ನೋಡಿಕೊಂಡರು.

ಕಾಕಾ ಸೊಂಟದ ಪಟ್ಟಿಯಲ್ಲಿ ಜೋತುಬಿದ್ದಿದ್ದರು. ಕೆಲಸಗಾರ ಹೆಗಲು ಕೊಟ್ಟು ಇಳಿಸಿದ. ಉಸಿರಿತ್ತು. ನಾನಿಮಾನ ಮಗನ ಟೆಂಪೋದಲ್ಲಿ, ನೇಯ್ದು ಮುಗಿಯದ ಜಮಖಾನೆಯನ್ನು ಮಗ್ಗದಿಂದ ಕತ್ತರಿಸಿ ಹಾಸಿ, ಅದರ ಮೇಲೆ ಮಲಗಿಸಿ ಹುಬ್ಬಳ್ಳಿಗೆ ಒಯ್ದೆವು. ಕತ್ತರಿಸಿದವರು ನಾನಿಮಾ. ದಾರಿಯುದ್ದಕ್ಕೂ ಕಾಕಾನ ಎಡಗೈ ನನ್ನ ಕೈಯಲ್ಲಿತ್ತು. ಕಿಸೆಯಲ್ಲಿ ಫ್ಯೂಸು ಹಾಗೇ ಇತ್ತು. ಕರೆಂಟು ಬೆರಳಿನಿಂದ ಮೊಣಕೈಗೆ ಹರಿದು ಕಂಬಕ್ಕೆ ಇಳಿದಿದೆ, ಎದೆಯ ಮೂಲಕ ಹೋಗಿಲ್ಲ, ಅದಕ್ಕೇ ಉಳಿದಿದ್ದಾರೆ ಎಂದರು ಡಾಕ್ಟರು.

ಮರುದಿನ ಓಣಿಯಲ್ಲಿ ಎರಡು ಮಾತು ಹರಿದಾಡಿದವು. ಆಪತ್ತಿನಲ್ಲಿ ಅಕ್ಕಾರು ಬಿಟ್ಟು ಓಡಿದರು ಎಂಬುದು ಒಂದು. ಮೂಲೆಮನೆಯ ವಾಯರು ನಮಗೆ ಗೊತ್ತೇ ಇರಲಿಲ್ಲ ಎಂಬುದು ಇನ್ನೊಂದು. ಮೊದಲನೆಯದು ನನ್ನನ್ನು ಅಷ್ಟು ನೋಯಿಸಲಿಲ್ಲ.

ಮುಖ್ಯಾಧಿಕಾರಿಗಳು ನನ್ನನ್ನು ಕರೆದರು. ವಿದ್ಯುತ್ ಕಚೇರಿಯವರು ನಾನಿಮಾನ ಮೇಲೆ ಪ್ರಕರಣ ದಾಖಲಿಸುವ ಮಾತಾಡುತ್ತಿದ್ದರು. ಪುರಸಭೆಯ ವರದಿ ಅವರಿಗೆ ಬೇಕಿತ್ತು. ಮುಖ್ಯಾಧಿಕಾರಿಗಳು ಮೃದುವಾಗಿಯೇ ಕೇಳಿದರು.

"ಕರೆಂಟ್ ಎಲ್ಲಿಂದ ಬಂತಂತ ಯಾರಿಗೂ ಗೊತ್ತಿರಲಿಲ್ಲ ಅಂತಾರ ಓಣ್ಯಾವ್ರು. ಮತ್ತ ಯಾವ ಮನಿಗೆ ಓಡಬೇಕಂತ ನಿಮಗ ಹೆಂಗ ಗೊತ್ತಾತು?"

ಬಳ್ಳಿಯೊಳಗಿನ ವಾಯರನ್ನು ದೀಪ ಹತ್ತಿದಾಗಲೇ ಗಮನಿಸಿದೆ ಎಂದುಬಿಡಬಹುದಿತ್ತು. ಹಾಗೆಂದರೆ ನಾನು ಜೀವ ಉಳಿಸಿದವಳು, ನಾನಿಮಾ ಕದ್ದು ವಾಯರು ಎಳೆದವರು.

"ಹದಿನೈದ ದಿನದ ಹಿಂದನ ನೋಡಿದ್ದೆ ಸರ್. ಬರೀಲಿಲ್ಲ."

ಅವರು ಎದ್ದರು. ಕಪಾಟಿನಿಂದ ಮೂಲೆಮನೆಯ ಅಳತೆ ನಮೂನೆ ತೆಗೆದು ಮೇಜಿನ ಮೇಲಿಟ್ಟು, "ಈಗ ಬರೀರಿ. ಇವತ್ತಿನ ತಾರೀಖು ಹಾಕಿ ಬರೀರಿ," ಎಂದರು.

ಷರಾ ಕಾಲಂ ಎರಡು ಬೆರಳಗಲ. ಸಾಲದೆ ಹಿಂಬದಿಗೂ ಬರೆದೆ. ಬಡಾವಣೆಯ ಆರೂ ದೀಪಗಳನ್ನು ಈ ಮನೆಯವರು ತಿಂಗಳುಗಳಿಂದ ತಮ್ಮ ಮೀಟರಿನಿಂದ, ಎಲ್ಲರ ಸಲುವಾಗಿ ಉರಿಸಿದ್ದಾರೆ. ಅಳತೆಯ ದಿನ ಮನೆಯವರು ಇದನ್ನು ಮುಚ್ಚಿಡದೆ ತಿಳಿಸಿದ್ದಾರೆ. ನಾನು ದಾಖಲಿಸಿಲ್ಲ. ಸಭೆಯಲ್ಲಿ ಮಾತು ಬಂದಾಗಲೂ ಸುಮ್ಮನಿದ್ದೆ. ವಾಯರ್‌ಮನ್‌ರಿಗೆ ತಿಳಿಸಿಲ್ಲ. ಕೊನೆಗೆ ಅಂದಿನ ತಾರೀಖು ಹಾಕಿದೆ.

ಹೇಳಿಕೆ ಪಡೆಯಲು ಆಸ್ಪತ್ರೆಗೆ ಹೋದಾಗ ಮುಖ್ಯಾಧಿಕಾರಿಗಳು ನನ್ನನ್ನೂ ಕರೆದೊಯ್ದರು. ಕಾಕಾನ ಬಲಗೈಗೆ ಬಟ್ಟೆ ಸುತ್ತಿದ್ದರು. ನಾನು ಬರೆದದ್ದನ್ನು ಅವರಿಗೆ ಓದಿ ಹೇಳಿದೆ.

"ಹೇಳಬೇಕಿತ್ತರಿ ಅಕ್ಕಾರ," ಎಂದರು ಕಾಕಾ. ಅಷ್ಟೇ. ಅದರಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಹೊರುವುದು ಸುಲಭವಾಗುತ್ತಿತ್ತು.

ಆಮೇಲೆ ಮುಖ್ಯಾಧಿಕಾರಿಗಳ ಕಡೆ ತಿರುಗಿದರು. "ನಂದೂ ಬರಕೋರಿ ಸಾಹೇಬ್ರ. ತಂತಿಗೆ ಅರ್ಥಿಂಗ್ ಸರಪಳಿ ಹಾಕಿ ಹತ್ತಬೇಕು. ಹಾಕಿದ್ರ ಎಲ್ಲಿಂದ ಕರೆಂಟ್ ಬಂದ್ರೂ ಮಣ್ಣಿಗೆ ಇಳೀತಿತ್ತು. ಸರಪಳಿ ಗಾಡ್ಯಾಗ ಇತ್ತು. ಸತ್ತ ಲೈನಂತ ಬಿಟ್ಟೆ. ಇಷ್ಟರ ಮ್ಯಾಲೆ ಆ ಮುದುಕಿ ಮ್ಯಾಲೆ ಕೇಸ್ ಮಾಡಿದ್ರ ನನ್ನ ಸಹಿ ಸಿಗೂದಿಲ್ಲ."

ಪ್ರಕರಣ ಆಗಲಿಲ್ಲ. ವಾಯರು ತೆಗೆಸಿ, ಮೂಲೆಮನೆಗೆ ಲಿಖಿತ ಎಚ್ಚರಿಕೆ ಕೊಟ್ಟರು. ನನಗೆ ಕಾರಣ ಕೇಳಿ ನೋಟಿಸು, ಆಮೇಲೆ ಒಂದು ವಾಗ್ದಂಡನೆ ಬಂತು. ಅದು ನನ್ನ ಸೇವಾ ಪುಸ್ತಕದಲ್ಲಿದೆ, ಇರಲಿ. ಒಂದು ಸಂಜೆ ಕಿರಾಣಿ ಅಂಗಡಿಕಾರರು ಕಚೇರಿಗೆ ಬಂದು, ಕುಳಿತುಕೊಳ್ಳದೆ, ಒಪ್ಪಿಗೆ ಪತ್ರ ಕೇಳಿ ಸಹಿ ಮಾಡಿದರು. "ಆಕಿ ಹಚ್ಚಿದ ಬೆಳಕಿನಾಗ ಇಷ್ಟ ದಿನ ಯಾಪಾರ ಮಾಡೇನ್ರಿ," ಎಂದು ನೆಲ ನೋಡಿ ಹೇಳಿ ಹೋದರು.

ನಾನಿಮಾ ಮಾತ್ರ ಆಮೇಲೆ ಯಾವ ಸ್ವಿಚ್ಚನ್ನೂ ಮುಟ್ಟುತ್ತಿರಲಿಲ್ಲವಂತೆ. ಸೊಸೆ ಬರುವವರೆಗೆ ಕತ್ತಲಲ್ಲೇ ಕುಳಿತಿರುತ್ತಾರೆ ಎಂದು ಮಗ ಹೇಳಿದ. ಕತ್ತರಿಸಿದ ಜಮಖಾನೆಯ ನೂಲು ಮಗ್ಗದ ಮೇಲೆ ಹಾಗೇ ಇತ್ತು. ಒಂದೆರಡು ಸಲ ಹೋಗಿ ಬಾಜು ಕುಳಿತು ಬಂದೆ. ನನಗೂ ಸಂಜೆ ಬೀದಿದೀಪ ಹತ್ತುವ ಕ್ಷಣದಲ್ಲಿ ಅಂಗೈ ತಣ್ಣಗಾಗುತ್ತದೆ ಎಂದು ಅವರಿಗೊಬ್ಬರಿಗೇ ಹೇಳಿದ್ದೇನೆ. ಅವರು ನನ್ನ ಅಂಗೈಯನ್ನು ತಮ್ಮ ಗಟ್ಟಿ ಬೆರಳಿನಿಂದ ಉಜ್ಜಿದರು.

ಮಳೆಗಾಲ ಮುಗಿದ ಮೇಲೆ ಹೊಸ ಮೀಟರು ಬಂತು. ವಾಲಿದ ಕಂಬಗಳ ಬುಡಕ್ಕೆ ಕಾಂಕ್ರೀಟು ಹಾಕಿಸಿದೆವು. ಉದ್ಯಾನದ ಬೆಂಚು ರಿಪೇರಿಯಾಯಿತು. ಕೊನೆಯ ಜೋಡಣೆಗೆ ಬೇರೆಯವರನ್ನು ಕಳಿಸುತ್ತೇವೆ ಎಂದರೂ ಕೇಳದೆ ಕಾಕಾ ತಾವೇ ಬಂದರು. ಬಲಗೈಯ ಎರಡು ಬೆರಳುಗಳಿಗೆ ಸ್ಪರ್ಶ ಮರಳಿರಲಿಲ್ಲ. ಫ್ಯೂಸು ಕಿತ್ತು ಕಿಸೆಗೆ ಹಾಕಿಕೊಂಡರು. ಈ ಸಲ ತಟ್ಟಲಿಲ್ಲ. ಸರಪಳಿ ತೆಗೆದು ತಂತಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ನೆಲದ ಸಲಾಕೆಗೆ ಬಿಗಿದರು. ಎಲ್ಲ ಆದ ಮೇಲೂ ಏಣಿಯ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟು ನಿಂತೇಬಿಟ್ಟರು. ಐದನೆಯ ಕಂಬ ಅದು.

ಕಾಕಾ ಮೂಲೆಮನೆಯ ಕಡೆಗೆ ಕೂಗಿದರು. "ನಾನಿಮಾ! ಮನ್ಯಾಗ ಇದ್ದೀರೇನ್ರಿ?"

ಬಾಗಿಲು ತೆರೆಯಿತು. ನಾನಿಮಾ ಹೊರಬಂದು, ಗೋಡೆ ಹಿಡಿದುಕೊಂಡು ನಾಲ್ಕು ಮನೆ ದಾಟಿ, ಕಂಬದ ಎದುರಿನ ಕಟ್ಟೆಯ ಮೇಲೆ ಕುಳಿತರು. ಎರಡೂ ಅಂಗೈ ಬಿಚ್ಚಿ ಮೊಣಕಾಲ ಮೇಲೆ ಇಟ್ಟರು, ಮೇಲಿನಿಂದ ಕಾಣುವ ಹಾಗೆ.

"ನೋಡಪಾ, ನನ್ನ ಎರಡೂ ಕೈ ಇಲ್ಲೇ ಅದಾವ. ನೀ ಹತ್ತು."

ಕಾಕಾ ಆ ಕೈಗಳನ್ನು ನೋಡಿದರು. ಎರಡನೇ ಮೆಟ್ಟಿಲು ಹತ್ತಿದರು, ಮೂರನೆಯದು ಹತ್ತಿದರು. ನಾನು ಕೈಯಲ್ಲಿದ್ದ ಕಂಬಗಳ ಪಟ್ಟಿಯನ್ನು ಕಟ್ಟೆಯ ಮೇಲೆ ನಾನಿಮಾನ ಪಕ್ಕದಲ್ಲಿಟ್ಟು, ಹೋಗಿ ಏಣಿಯ ಕಾಲು ಹಿಡಿದೆ.